ಕೋರ್ ಕ್ಲಾಸಿಗೆ ಕೈ ಹಾಕೋ ಮೊದಲು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ ಅನ್ನೋರಿಗೆ ಈ ವಾರದ ಮಾತು ಬರಹದಲ್ಲಿ.

ಪುಣೆಗೆ ಬಂದ ಹೊಸದರಲ್ಲಿ ನಾನು ರೂಬಿ ಆನ್ ರೈಲ್ಸ್‌ನಲ್ಲಿ ಬರೆದ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ತಿದ್ದೆ. ಮೊತ್ತ 124560 ಅಂತ ಕಾಣಿಸ್ತಿತ್ತು, ಗ್ರಾಹಕರಿಗೆ 1,24,560 ಅಂತ ಬೇಕಿತ್ತು. ರೂಬಿಯಲ್ಲಿ ಭಾಷೆಯದೇ ಆದ ಇಂಟೀಜರ್ ಕ್ಲಾಸನ್ನೂ ಯಾರು ಬೇಕಾದರೂ ತೆರೆದು ತಿದ್ದಬಹುದು. ಇದಕ್ಕೆ ಮಂಕಿ ಪ್ಯಾಚಿಂಗ್ ಅಂತಾರೆ. ನಾನೂ ತೆರೆದೆ. ಸಂಖ್ಯೆಯನ್ನು ಸ್ಟ್ರಿಂಗ್ ಮಾಡುವ ಟು_ಎಸ್ ಮೆಥಡ್ಡನ್ನೇ ಕಾಮಾ ಹಾಕುವಂತೆ ಬದಲಾಯಿಸಿದೆ. ಐದಾರು ಸಾಲಿನ ಕೆಲಸ. ಟೆಸ್ಟ್‌ಗಳೆಲ್ಲ ಪಾಸ್.

ಮಾರನೇ ದಿನ ಒಬ್ಬ ಗ್ರಾಹಕರ ಫೋನ್: "ನನ್ನ ಬಿಲ್ ಒತ್ತಿದರೆ ಬೇರೆ ಯಾರದೋ ಬಿಲ್ ತೆರೀತಿದೆಯಲ್ರೀ!"

ಆಗಿದ್ದು ಇಷ್ಟು. ಬಿಲ್ಲಿನ ಐಡಿಯೂ ಇಂಟೀಜರ್ರೇ. ಲಿಂಕ್ ಕಟ್ಟುವಾಗ ರೈಲ್ಸ್ ಒಳಗೊಳಗೇ ಅದೇ ಟು_ಎಸ್ ಕರೆಯುತ್ತೆ. 23417 ಅನ್ನೋ ಐಡಿ ಲಿಂಕಿನಲ್ಲಿ 23,417 ಆಯ್ತು. ಅದನ್ನು ವಾಪಸ್ ಸಂಖ್ಯೆ ಮಾಡುವಾಗ ರೂಬಿ ಕಾಮಾ ಕಂಡಲ್ಲೇ ನಿಲ್ಲುತ್ತೆ. ಉಳಿದದ್ದು 23. ತೆರೆದದ್ದು 23ನೇ ಬಿಲ್. ಟೆಸ್ಟ್‌ನಲ್ಲಿ ಐಡಿಗಳು ಸಾವಿರ ದಾಟಿರಲೇ ಇಲ್ಲ, ಹಾಗಾಗಿ ಕಾಮಾನೂ ಬಂದಿರಲಿಲ್ಲ. ನನ್ನ ಲೋಟಕ್ಕೆ ಸಕ್ಕರೆ ಬೇಕು ಅಂತ ಇಡೀ ಸೊಸೈಟಿಯ ಟ್ಯಾಂಕಿಗೇ ಸುರಿದಿದ್ದೆ.

ಹಾಗಾದರೆ ಏನು ಮಾಡಬಹುದಿತ್ತು? ಮೂರು ದಾರಿ ಇವೆ.

ಒಂದು, ಬೇರೆ ಫಂಕ್ಷನ್. ಸಂಖ್ಯೆ ಕೊಟ್ಟರೆ ಕಾಮಾ ಹಾಕಿದ ಸ್ಟ್ರಿಂಗ್ ಕೊಡುತ್ತೆ, ಅಷ್ಟೆ. ನೋಡೋಕೆ ಸಪ್ಪೆ, ಆದರೆ ಯಾರಿಗೂ ತೊಂದರೆಯಿಲ್ಲ.

ಎರಡು, ಸುತ್ತುವ ಕ್ಲಾಸ್. 'ರುಪಾಯಿ' ಅನ್ನೋ ನಮ್ಮದೇ ಕ್ಲಾಸ್, ಅದರ ಒಳಗೊಂದು ಇಂಟೀಜರ್. ಟು_ಎಸ್ ಅನ್ನು ಇಲ್ಲಿ ಹೇಗೆ ಬೇಕಾದರೂ ಬರೀರಿ. ಐಡಿ ಬೇರೆ, ದುಡ್ಡು ಬೇರೆ ಅನ್ನೋದೂ ಕೋಡಿನಲ್ಲೇ ಕಾಣುತ್ತೆ.

ಮೂರು, ಭಾಷೆಯೇ ಕೊಡುವ ಬೇಲಿ. ರೂಬಿ 2.0ರಲ್ಲಿ, ಅಂದರೆ 2013ರಲ್ಲಿ, ರಿಫೈನ್‌ಮೆಂಟ್ ಬಂತು. ಫೈಲಿನ ಮೇಲ್ಭಾಗದಲ್ಲಿ ಯೂಸಿಂಗ್ ಅಂತ ಬರೆದರೆ, ಆ ಸಾಲಿನಿಂದ ಆ ಫೈಲ್ ಮುಗಿಯುವವರೆಗೆ ಮಾತ್ರ ನಿಮ್ಮ ಬದಲಾವಣೆ ನಡೆಯುತ್ತೆ. ಸಿ ಶಾರ್ಪ್ 3.0 (2007) ಮತ್ತು ಕಾಟ್ಲಿನ್‌ನಲ್ಲಿ ಎಕ್ಸ್‌ಟೆನ್ಷನ್‌ಗಳಿವೆ. ಹೊಸ ಮೆಥಡ್ ಸೇರಿಸಬಹುದು, ಆದರೆ ಕ್ಲಾಸಿನಲ್ಲಿ ಅಂಥದ್ದೇ ಮೆಥಡ್ ಮೊದಲೇ ಇದ್ದರೆ ಅದೇ ಗೆಲ್ಲುತ್ತೆ. ನಾನು ಮಾಡಿದ ತಪ್ಪು ಅಲ್ಲಿ ಮಾಡೋಕೇ ಆಗಲ್ಲ.

"ಹಳೇದನ್ನು ತಿದ್ದಲ್ಲ ಸಾರ್, ಹೊಸ ಹೆಸರಲ್ಲಿ ಸೇರಿಸ್ತೀನಿ" ಅಂತ ಕೇಳೋರಿದ್ದಾರೆ. ಅದೂ ಪೂರ್ತಿ ಸುರಕ್ಷಿತವಲ್ಲ. ಜಾವಾಸ್ಕ್ರಿಪ್ಟಿನ ಮೂಟೂಲ್ಸ್ ಲೈಬ್ರರಿ ಅರೇ ಕ್ಲಾಸಿಗೆ ಫ್ಲ್ಯಾಟನ್ ಅಂತ ಮೆಥಡ್ ಸೇರಿಸಿತ್ತು. ವರ್ಷಗಳ ನಂತರ ಭಾಷೆಯೇ ಅದೇ ಹೆಸರಿನ ಮೆಥಡ್ ತರೋಕೆ ಹೊರಟಾಗ ಹಳೇ ವೆಬ್‌ಸೈಟ್ ಮುರೀತು. 2018ರಲ್ಲಿ ದೊಡ್ಡ ಚರ್ಚೆಯೇ ಆಗಿ, ಕೊನೆಗೆ ಭಾಷೆಯೇ ತಲೆಬಾಗಿ ಫ್ಲ್ಯಾಟ್ ಅಂತ ಹೆಸರಿಟ್ಟಿತು. ಅದಕ್ಕೂ ಮೊದಲು ಕಂಟೇನ್ಸ್ ಅನ್ನೋದು ಇನ್‌ಕ್ಲೂಡ್ಸ್ ಆಗಿದ್ದೂ ಇದೇ ಮೂಟೂಲ್ಸ್ ಕಾರಣಕ್ಕೆ.

ನಾನೀಗ ಪಾಲಿಸೋ ಕ್ರಮ: ಮೊದಲು ಫಂಕ್ಷನ್. ಅರ್ಥವೇ ಬೇರೆ ಆದರೆ ಸುತ್ತುವ ಕ್ಲಾಸ್. ಬರೆಯುವ ಸೊಗಸು ಬೇಕೇ ಬೇಕು ಅಂದರೆ ರಿಫೈನ್‌ಮೆಂಟ್ ಅಥವಾ ಎಕ್ಸ್‌ಟೆನ್ಷನ್. ಎಲ್ಲರೂ ಬಳಸುವ ಮೆಥಡ್ ತಿದ್ದೋದು? ಆ ಫೋನ್ ಬಂದ ಮೇಲೆ ಇಲ್ಲ.

ನಿಮ್ಮ ಕೋಡಿನಲ್ಲಿ ಇಂಥ ಪ್ಯಾಚ್ ಇದೆಯಾ? ಇವತ್ತೇ ಒಮ್ಮೆ ಹುಡುಕಿ ನೋಡಿ. ಮುಂದಿನ ವಾರ ಸಿಗೋಣ.