ನರ ತೆಗೆದ ಹಲ್ಲು ನೋಯುವುದೇಕೆ?

ರೂಟ್ ಕೆನಾಲ್ ಮಾಡಿಸಿ, ಮೇಲೆ ಕ್ಯಾಪ್ ಹಾಕಿಸಿಕೊಂಡು ಬಂದವರು ಮರುದಿನ ಚಪಾತಿ ಅಗಿಯುವಾಗ ಕೆನ್ನೆ ಹಿಡಿದುಕೊಂಡು ಕೇಳುವ ಪ್ರಶ್ನೆ ನ್ಯಾಯವಾದದ್ದೇ: ನರವನ್ನೇ ತೆಗೆದಾಯಿತಲ್ಲ, ಇನ್ನು ನೋಯುವುದಕ್ಕೆ ಏನಿದೆ?

ವೈದ್ಯರು ತೆಗೆದದ್ದು ಹಲ್ಲಿನೊಳಗಿನ ತಿರುಳನ್ನು. ಬೇರಿಗೂ ದವಡೆಯ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವೊಂದು ಹಾಗೇ ಉಳಿದಿರುತ್ತದೆ. ಹಲ್ಲು ಗೋಡೆಗೆ ಹೊಡೆದ ಮೊಳೆಯಲ್ಲ, ಈ ನಾರುಗಳು ಅದನ್ನು ಮೂಳೆಯೊಳಗೆ ತೂಗಿ ಹಿಡಿದಿರುತ್ತವೆ. ಈ ಪದರಕ್ಕೆ ತನ್ನದೇ ನರಗಳಿವೆ, ಅವು ತಿರುಳಿನ ನರಕ್ಕಿಂತ ಜಾಣ. ತಿರುಳಿಗೆ ನೋವು ಎಂದು ಕೂಗಲು ಗೊತ್ತೇ ಹೊರತು ಯಾವ ಹಲ್ಲೆಂದು ಹೇಳಲು ಬಾರದು. ಕೆಳಗಿನ ಹಲ್ಲು ಹುಳುಕಾದರೆ ಮೇಲಿನದನ್ನು ತೋರಿಸುವವರೂ ಇದ್ದಾರೆ. ನಾರಿನ ಪದರವೋ, ಹಲ್ಲುಗಳ ನಡುವೆ ಕೂದಲಿಗಿಂತ ತೆಳುವಾದದ್ದು ಸಿಕ್ಕರೂ ಗುರುತಿಸುತ್ತದೆ. ಅನ್ನದಲ್ಲಿ ಮರಳಿನ ಕಣ ಸಿಕ್ಕ ಕ್ಷಣವೇ ದವಡೆ ತಡೆದು ನಿಲ್ಲುವುದು ಅದರ ದಯೆಯಿಂದ.

ಬೇರಿನೊಳಗೆ ಸಣ್ಣ ಅರಗಳನ್ನು ಆಡಿಸಿ, ಸೋಡಿಯಂ ಹೈಪೋಕ್ಲೋರೈಟಿನಿಂದ ತೊಳೆದಾಗ ಬೇರಿನ ತುದಿಯಲ್ಲಿ ಈ ಪದರ ಕೆರಳುತ್ತದೆ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಣ್ಣಗಾಗುತ್ತದೆ. ಹಾಗಾಗದೆ, ಕಚ್ಚಿದಾಗಲೆಲ್ಲ ನೋಯುತ್ತಿದ್ದರೆ ಮೊದಲ ಅನುಮಾನ ಕ್ಯಾಪಿನ ಎತ್ತರದ ಮೇಲೆ. ಅದು ಎಳ್ಳಷ್ಟು ಎತ್ತರವಾದರೂ ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಗಲುತ್ತದೆ. ಪ್ರತಿ ತುತ್ತಿಗೂ ನಾರು ಜಜ್ಜಿಹೋಗುತ್ತದೆ. ಬಣ್ಣದ ಕಾಗದ ಕಚ್ಚಿಸಿ ವೈದ್ಯರು ನೋಡುವುದು ಇದನ್ನೇ. ಆದರೆ ಇಂಜೆಕ್ಷನ್ನಿನ ಜೋಮು ಇಳಿಯದ ಬಾಯಿಂದ ‘ಸರಿಯಾಗಿದೆ ಡಾಕ್ಟ್ರೇ’ ಎಂದು ಬಂದ ಮಾತನ್ನು ಎಷ್ಟು ನಂಬುವುದು? ಮತ್ತೊಮ್ಮೆ ಹೋಗಿ ತುಸು ಉಜ್ಜಿಸಿಕೊಂಡರೆ ಮುಗಿಯುವ ಕೆಲಸಕ್ಕೆ ಜನ ವಾರಗಟ್ಟಲೆ ನೋವಿನ ಮಾತ್ರೆ ನುಂಗುತ್ತಾರೆ.

ಎಲ್ಲವೂ ಇಷ್ಟು ಸುಲಭವಲ್ಲ. ಮೇಲ್ದವಡೆಯ ಮೊದಲ ದವಡೆಹಲ್ಲಿಗೆ ಬೇರು ಮೂರಾದರೂ ಒಳನಾಳಗಳು ಎಷ್ಟೋ ಸಲ ನಾಲ್ಕು. ಕೆನ್ನೆಯ ಕಡೆಯ ಮುಂಬೇರಿನಲ್ಲಿ ಅಡಗಿರುವ ಆ ನಾಲ್ಕನೆಯದು ಕಣ್ತಪ್ಪಿದರೆ ಸೋಂಕು ಅಲ್ಲೇ ಉಳಿಯುತ್ತದೆ. ಬೇರು ಸೀಳಿದ್ದರೆ ಎಕ್ಸ್‌ರೇಯಲ್ಲೂ ಕಾಣದೆ ಸತಾಯಿಸಬಹುದು. ಬಾವು, ಜ್ವರ ಬಂದರೆ ಒಂದು ದಿನವೂ ಕಾಯಬಾರದು. ತಣ್ಣೀರಿಗೆ ಜುಮ್ಮೆಂದರೆ ಮಾತ್ರ ಲೆಕ್ಕ ಬೇರೆ: ತಿರುಳಿಲ್ಲದ ಹಲ್ಲಿಗೆ ತಂಪು ತಿಳಿಯದು. ಆಗ ಎಲ್ಲೋ ತಿರುಳಿನ ಚೂರು ಉಳಿದಿರಬೇಕು, ಇಲ್ಲವೇ ನೋಯುತ್ತಿರುವುದು ಪಕ್ಕದ ಹಲ್ಲು.