ಸಂದರ್ಶನ ಕೈಕೊಟ್ಟರೆ ತಪ್ಪು ಯಾರದ್ದು?

ಕೋಟೇಶ್ವರದ ಹೆದ್ದಾರಿ ಬದಿಯಲ್ಲಿ ಬೆಳಿಗ್ಗೆ ಉಡುಪಿ ಬಸ್ಸಿಗೆ ಕಾಯುವವರ ನಡುವೆ ಸಂದರ್ಶನಕ್ಕೆ ಹೊರಟವರನ್ನು ಗುರುತಿಸುವುದು ಕಷ್ಟವಲ್ಲ. ಇಸ್ತ್ರಿಯ ಗೆರೆ ಮುರಿಯದ ಅಂಗಿ, ಎದೆಗೊತ್ತಿ ಹಿಡಿದ ಪ್ಲಾಸ್ಟಿಕ್ ಫೈಲು, ಒಳಗೆ ಅಂಕಪಟ್ಟಿಯ ಮೂರು ಮೂರು ಜೆರಾಕ್ಸ್. ಸಂಜೆ ಅದೇ ಫೈಲು ಮನೆಗೆ ಮರಳಿದಾಗ ಜಗಲಿಯಲ್ಲಿ ಕೇಳುವ ಮಾತು ಹೆಚ್ಚಾಗಿ ಒಂದೇ: "ಇಂಗ್ಲಿಷ್ ಬತ್ತಿಲ್ಲ, ಹಂಗಾಯಿ ಸಿಕ್ಲಿಲ್ಲ."

ಕೆಲಸ ಕೈತಪ್ಪಿದ ನೋವು ನಿಜ. ಅದಕ್ಕೆ ಹುಡುಕಿಕೊಳ್ಳುವ ಕಾರಣಗಳು ಮಾತ್ರ ಹಲವು ಸಲ ತಪ್ಪು.

ಇಂಗ್ಲಿಷಿನ ಮಾತನ್ನೇ ನೋಡಿ. ಖಾಸಗಿ ಕಂಪನಿಗಳಲ್ಲಿ ಕೆಲವು ಕೆಲಸಕ್ಕೆ ಅದು ಬೇಕು, ಅಲ್ಲಗಳೆಯುವಂತಿಲ್ಲ. ಆದರೆ ದೇಶದ ಅತಿ ಕಠಿಣ ಸಂದರ್ಶನಗಳಲ್ಲೊಂದಾದ ಯುಪಿಎಸ್‌ಸಿಯಲ್ಲಿ, ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಸಂದರ್ಶನವನ್ನೂ ಕನ್ನಡದಲ್ಲೇ ಎದುರಿಸಬಹುದು. ಕನ್ನಡದಲ್ಲಿ ಪರೀಕ್ಷೆ ಬರೆದು ಐಎಎಸ್ ಆದ ಮೊದಲಿಗರು ಕೆ. ಶಿವರಾಂ, ಅದು 1980ರ ದಶಕದ ಮಾತು. ಕುಂದಗನ್ನಡದ ಹುಡುಗಿಗೆ ಈ ಅವಕಾಶದ ಸುದ್ದಿಯನ್ನು ಕಾಲೇಜಿನಲ್ಲೇ ತಿಳಿಸಬೇಕು.

ಇನ್ನೊಂದು ನಂಬಿಕೆಯ ಹಾವಳಿ ಇದಕ್ಕಿಂತ ದೊಡ್ಡದು. ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಶೇ 7, ದನಿಯದ್ದು ಶೇ 38, ಉಳಿದ ಶೇ 55 ಹಾವಭಾವದ್ದು ಎಂದು ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸುತ್ತಾರೆ. ಈ ಲೆಕ್ಕದ ಮೂಲ, ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳು. ಅವುಗಳಲ್ಲಿ ಕೇಳಿಸಿದ್ದು ಬಿಡಿ ಬಿಡಿ ಪದಗಳನ್ನು. ಒಂದರಲ್ಲಂತೂ 'ಇರಬಹುದು' ಎಂಬರ್ಥದ ಒಂದೇ ಪದವನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಜತೆಗೆ ಮುಖದ ಫೋಟೊ ತೋರಿಸಿ, ಹೇಳುವವರ ಮನಸ್ಸಿನಲ್ಲಿರುವುದು ಮೆಚ್ಚುಗೆಯೋ ಬೇಸರವೋ ಎಂದು ಊಹಿಸಲು ಹೇಳಿದ್ದರು. ಭಾವನೆ, ಮನೋಭಾವದ ಸಂಗತಿ ಬಿಟ್ಟು ಬೇರೆಡೆಗೆ ಈ ಲೆಕ್ಕ ಹೊಂದದು ಎಂದು ಮೆಹ್ರಾಬಿಯನ್ನರೇ ಸ್ಪಷ್ಟಪಡಿಸಿದ್ದಾರೆ. ವಸೂಲಾಗದ ಸಾಲವೆಂದರೇನು ಎಂದು ಬ್ಯಾಂಕಿನ ಸಂದರ್ಶನದಲ್ಲಿ ಕೇಳಿದರೆ ಉತ್ತರ ಬಾಯಿಂದಲೇ ಬರಬೇಕು. ಹಿಂದಿನ ರಾತ್ರಿಯನ್ನು ಕನ್ನಡಿಯೆದುರು ನಗು ತಿದ್ದುವುದರಲ್ಲೇ ಕಳೆದ ಮಕ್ಕಳನ್ನು ನೆನೆದರೆ ಹೊಟ್ಟೆ ಚುರ್ರೆನ್ನುತ್ತದೆ.

ಬ್ಯಾಂಕಿನ ಮಾತು ಸುಮ್ಮನೆ ಬಂದದ್ದಲ್ಲ. ಕಾರ್ಪೊರೇಷನ್ ಬ್ಯಾಂಕ್ (1906), ಸಿಂಡಿಕೇಟ್ ಬ್ಯಾಂಕ್ (1925) ಎರಡೂ ಹುಟ್ಟಿದ್ದು ಉಡುಪಿಯಲ್ಲಿ. 2020ರಲ್ಲಿ ಅವು ಬೇರೆ ಬ್ಯಾಂಕುಗಳೊಳಗೆ ಸೇರಿಹೋದರೂ ಇಲ್ಲಿನ ಮನೆಗಳಿಗೆ ಬ್ಯಾಂಕಿನ ಕೆಲಸದ ಆಸೆ ಹೋಗಿಲ್ಲ. 'ಸಂದರ್ಶನದಲ್ಲಿ ತಡವರಿಸಿದರೆ ಮುಗಿಯಿತು' ಎಂಬ ಹೆದರಿಕೆಯೂ ಹೋಗಿಲ್ಲ. ಆದರೆ ಬ್ಯಾಂಕ್ ನೇಮಕಾತಿ ನಡೆಸುವ ಐಬಿಪಿಎಸ್‌ನ ಪಿಒ (ಪ್ರೊಬೇಷನರಿ ಆಫೀಸರ್) ಆಯ್ಕೆಯಲ್ಲಿ ಲಿಖಿತ ಪರೀಕ್ಷೆಗೆ 80, ಸಂದರ್ಶನಕ್ಕೆ 20ರ ತೂಕ. ನೂರಕ್ಕೆ ನಡೆಯುವ ಸಂದರ್ಶನದಲ್ಲಿ 10 ಅಂಕ ಕಡಿಮೆಯಾದರೆ ಕೊನೆಗೆ ತಗ್ಗುವುದು 2. ನೂರಕ್ಕೆ ಇಳಿಸಿದ ಲಿಖಿತ ಅಂಕದಲ್ಲಿ ಎರಡೂವರೆ ಹೆಚ್ಚು ಬಂದರೆ ಅದು ತುಂಬಿಹೋಗುತ್ತದೆ. ಸಂದರ್ಶನದಲ್ಲಿ ಕನಿಷ್ಠ ಶೇ 40, ಮೀಸಲು ವರ್ಗಗಳಿಗೆ ಶೇ 35 ದಾಟಿದರೆ ಸಾಕು. ಕ್ಲರ್ಕ್ ಹುದ್ದೆಗೆ ಸಂದರ್ಶನವೇ ಇಲ್ಲ.

'ಸಂದರ್ಶಕರು ನೋಡಿದ ಕೂಡಲೇ ಆಳೆಂಥವನೆಂದು ತಿಳಿಯುತ್ತಾರೆ' ಎಂಬುದನ್ನಂತೂ ನ್ಯಾಯಾಲಯವೇ ಪ್ರಶ್ನಿಸಿದೆ. ಮೈಸೂರು ರಾಜ್ಯದ ವೈದ್ಯಕೀಯ, ಎಂಜಿನಿಯರಿಂಗ್ ಪ್ರವೇಶದಲ್ಲಿ ಸಂದರ್ಶನಕ್ಕೆ ಅಂಕ ಇಟ್ಟದ್ದನ್ನು ಸುಪ್ರೀಂ ಕೋರ್ಟ್ 1964ರ ಚಿತ್ರಲೇಖಾ ಪ್ರಕರಣದಲ್ಲಿ ಎತ್ತಿಹಿಡಿದಿತ್ತು. 1980ರ ಅಜಯ್ ಹಾಸಿಯಾ ತೀರ್ಪಿನ ಹೊತ್ತಿಗೆ ಧಾಟಿ ಬದಲಾಗಿತ್ತು. ಶ್ರೀನಗರದ ಎಂಜಿನಿಯರಿಂಗ್ ಕಾಲೇಜೊಂದು ಒಬ್ಬೊಬ್ಬರನ್ನು ಎರಡು ಮೂರು ನಿಮಿಷ ಮಾತಾಡಿಸಿ, ತಂದೆ ಯಾರು, ಮನೆ ಎಲ್ಲಿ ಎಂದೆಲ್ಲ ಕೇಳಿ, ಅಷ್ಟಕ್ಕೇ ಒಟ್ಟು ಅಂಕದ ಮೂರನೇ ಒಂದು ಪಾಲು ಇಟ್ಟಿತ್ತು. ಶೇ 15ಕ್ಕಿಂತ ಹೆಚ್ಚಿಡುವುದು ಮನಸೋಇಚ್ಛೆಯಾಗುತ್ತದೆ ಎಂದಿತು ನ್ಯಾಯಪೀಠ.

ಕರ್ನಾಟಕ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿಯಿತು. ಕೆಪಿಎಸ್‌ಸಿಯ 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಆಯ್ಕೆಯಲ್ಲಿ ಸಂದರ್ಶನದ ಅಂಕಗಳ ಬಗ್ಗೆ ಆರೋಪವೆದ್ದು ಸಿಐಡಿ ತನಿಖೆ ನಡೆಯಿತು. 2014ರಲ್ಲಿ ಸರ್ಕಾರ ಪಟ್ಟಿಯನ್ನೇ ಕೈಬಿಟ್ಟಿತು. 2022ರಲ್ಲಿ ಕಾಯ್ದೆ ತಂದು ಮತ್ತೆ ಮಾನ್ಯ ಮಾಡಿತು. ಪ್ರಾಮಾಣಿಕವಾಗಿ ಬರೆದಿದ್ದವರೂ ಅಷ್ಟು ವರ್ಷ ಕಾಯಬೇಕಾಯಿತು. ಆಗ 200 ಇದ್ದ ಸಂದರ್ಶನದ ಅಂಕ, 384 ಹುದ್ದೆಗಳಿಗೆ ಹೊರಟ 2024ರ ಅಧಿಸೂಚನೆಯಲ್ಲಿ 25. ಮುಖ್ಯ ಪರೀಕ್ಷೆಯದ್ದು 1250.