ಬೀಚು, ದಡ, ಬೇಲೆ

ಹೊನ್ನಾವರದಿಂದ ಶರಾವತಿ ಸೇತುವೆ ದಾಟಿ ಭಟ್ಕಳದ ದಿಕ್ಕಿಗೆ ಹೊರಟರೆ ಮೊದಲು ಸಿಗುವ ಊರು ಕಾಸರಕೋಡ. ಕೇರಳದ ಕಾಸರಗೋಡು ಬೇರೆ, ಇದು ಬೇರೆ. ಊರಿನ ಒಂದು ಬದಿಗೆ ಪ್ರವಾಸಿಗರ ಇಕೋ ಬೀಚ್. ಇನ್ನೊಂದು ಬದಿಗೆ, ಹೊಳೆ ಕಡಲು ಸೇರುವ ಮೂಲೆಯಲ್ಲಿ, ಮೀನುಗಾರರ ಟೊಂಕ.

ಟೊಂಕದ ಹೊಯ್ಗೆಯ ಮೇಲೆ ಹಳೆ ಬಲೆ ಹಾಸಿ ತಾರ್ಲೆ ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬರನ್ನು ಕಾರಿನಲ್ಲಿ ಬಂದವರು ಕೇಳಿದರು: “ಅಮ್ಮಾ, ಬೀಚ್ ಎಲ್ಲಿ?” ಕಡಲು ಅಲ್ಲಿಂದ ಐವತ್ತು ಹೆಜ್ಜೆಯೂ ಇರಲಿಲ್ಲ. ಆಕೆ ಮೀನು ಮಗುಚುತ್ತಿದ್ದ ಕೈಯನ್ನೇ ಎತ್ತಿ ದೂರಕ್ಕೆ ತೋರಿಸಿದರು. “ಬೀಚ್ ಆ ಬದಿಗೆ. ಇದು ಬೇಲೆ.”

ಪಕ್ಕದಲ್ಲೇ ನಿಂತಿದ್ದ ನನಗೆ ಅದು ನಿಘಂಟಿನ ಒಂದು ಪುಟ ತೆರೆದಂತೆ ಕೇಳಿಸಿತು. ಕಡಲು ಒಂದೇ, ಹೊಯ್ಗೆಯೂ ಒಂದೇ. ಆದರೆ ಜನ ತಿರುಗಾಡಲು ಬರುವ ಜಾಗ ಬೀಚು, ದೋಣಿ ಎಳೆದಿಟ್ಟು, ಬಲೆ ಹೊಲಿದು, ಮೀನು ಒಣಗಿಸುವ ಜಾಗ ಬೇಲೆ. ಸಮಾನಾರ್ಥಕ ಎಂದು ನಾವು ಪಟ್ಟಿ ಮಾಡುವ ಪದಗಳು ಬಳಕೆಯಲ್ಲಿ ಎಷ್ಟು ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇಂಗ್ಲಿಷಿನಲ್ಲೇ ‘ಬೀಚ್’ ಎಂಬುದಕ್ಕೆ ಮೊದಲಿದ್ದ ಅರ್ಥ ದಡವಲ್ಲ. ಹದಿನಾರನೇ ಶತಮಾನದಲ್ಲಿ ಅದು ಅಲೆ ಉಜ್ಜಿ ಉಜ್ಜಿ ನುಣುಪಾದ ಗುಂಡುಗಲ್ಲುಗಳ ಹೆಸರು. ಇಂಗ್ಲೆಂಡಿನ ಕೆಂಟ್, ಸಸೆಕ್ಸ್ ಕಡೆಯ ಆಡುಮಾತಿನಲ್ಲಿ ಆ ಅರ್ಥ ಬಹುಕಾಲ ಉಳಿಯಿತು. ಕಲ್ಲಿನ ಹೆಸರು ಕಲ್ಲಿರುವ ಜಾಗಕ್ಕೆ ಬಂತು, ಆಮೇಲೆ ಕಲ್ಲೇ ಇಲ್ಲದ ಮರಳದಂಡೆಗೂ ಹತ್ತಿತು. ಅದರ ನೆರೆಯ ಪದಗಳಿಗೂ ಇಂಥ ಕತೆಗಳಿವೆ. ‘ಕೋಸ್ಟ್’ ಹುಟ್ಟಿದ್ದು ಪಕ್ಕೆಲುಬು ಎಂಬ ಅರ್ಥದ ಲ್ಯಾಟಿನ್ ಪದದಿಂದ. ನೆಲದ ಪಕ್ಕೆ ಅದು. ಆದ್ದರಿಂದಲೇ ಇಡೀ ಕರಾವಳಿಗೆ ಕೋಸ್ಟ್ ಎನ್ನಬಹುದು, ಮಕ್ಕಳು ಮರಳಲ್ಲಿ ಮನೆ ಕಟ್ಟುವ ತುಂಡುಜಾಗಕ್ಕೆ ಎನ್ನಲಾಗದು. ದಡಕ್ಕೆ ‘ಸ್ಟ್ರಾಂಡ್’ ಎಂಬ ಹಳೆಯ ಪದವೂ ಇದೆ. ಹಡಗು ಅದರ ಮೇಲೆ ಏರಿ ಕೂತುಬಿಟ್ಟರೆ ‘ಸ್ಟ್ರಾಂಡೆಡ್’. ಈಗ ಬಸ್ಸು ತಪ್ಪಿ ಸ್ಟ್ಯಾಂಡಿನಲ್ಲಿ ಉಳಿದವರಿಗೂ ಅದೇ ಮಾತು. ನಮ್ಮ ‘ದಡ’ಕ್ಕೆ ಹೋಲಿಸಿ ನೋಡಿ. ದಡ ಸೇರಿದ, ದಡ ಹತ್ತಿಸಿದರು ಎಂದರೆ ಕಷ್ಟ ಕಳೆಯಿತು ಎಂದೇ ಲೆಕ್ಕ. ಅಲ್ಲಿ ನೆಲ ತಾಗಿ ಸಿಕ್ಕಿಬಿದ್ದ ಹಡಗು, ಇಲ್ಲಿ ನೆಲ ತಾಗಿ ಬದುಕಿದ ದೋಣಿ.

ಕನ್ನಡದ ಉಳಿದ ಪದಗಳೂ ಒಂದರ ಜಾಗದಲ್ಲಿ ಒಂದು ಕೂರುವುದಿಲ್ಲ. ತಡಿ ಎಂದರೆ ಕಿವಿಗೆ ಮೊದಲು ಕೇಳುವುದು ಹೊಳೆಯೇ. ದಂಡೆ ಹೊಳೆಗೂ ಸೈ, ಕೆರೆಗೂ ಸೈ, ಕಡಲಿಗೂ ಸೈ. ಮುಡಿಗೇರುವ ಮಲ್ಲಿಗೆಗೂ ದಂಡೆಯೇ. ಕಡಲತೀರ ಪತ್ರಿಕೆಯ ಮಾತು, ಮೀನು ಮಾರುವವರ ಬಾಯಲ್ಲಿ ಬಾರದು. ಹೊಳೆ ಕಡಲಿಗೆ ಸೇರುವ ಬಾಯಿ ಅಳಿವೆ. ಅಲ್ಲಿ ಮರಳು ಜಮೆಯಾಗಿ ದೋಣಿ ಮಗುಚುವ ಭಯ ಇರುವುದರಿಂದ ಆ ಪದವನ್ನು ಇಲ್ಲಿಯವರು ಸುಮ್ಮನೆ ಆಡುವುದಿಲ್ಲ. ಅಳಿವೆಗೆ ಇಂಗ್ಲಿಷಿನಲ್ಲಿ ‘ಎಸ್ಚುವರಿ’. ಅದರ ಮೂಲ ಲ್ಯಾಟಿನ್ನಿನಲ್ಲಿ ಉಬ್ಬರ ಎಂಬರ್ಥದ ಪದ.

ಉಬ್ಬರದ ಮಾತು ಬಂದದ್ದರಿಂದ ಮತ್ತೆ ಬೇಲೆಗೆ ಬರುತ್ತೇನೆ. ಸಂಸ್ಕೃತದ ‘ವೇಲಾ’ ಪದಕ್ಕೆ ಎಲ್ಲೆ, ದಡ, ಉಬ್ಬರ, ಹೊತ್ತು ಎಂಬ ಅರ್ಥಗಳೆಲ್ಲ ಇವೆ. ವನ ಬನವಾದಂತೆ, ವೇಗ ಬೇಗವಾದಂತೆ ಅದು ಬೇಲೆಯಾಯಿತು. ಅದೇ ಪದ ಇನ್ನೊಂದು ದಾರಿಯಲ್ಲಿ ಬಂದು ನಮ್ಮ ‘ವೇಳೆ’ಯೂ ಆಗಿದೆ. ಊಟದ ವೇಳೆ ಎನ್ನುವಾಗಲೂ ಕಡಲ ಬೇಲೆ ಎನ್ನುವಾಗಲೂ ನಾವು ಆಡುವುದು ಒಂದೇ ಬೇರಿನ ಪದವನ್ನು. ಕೊಂಕಣಿಯಲ್ಲಂತೂ ‘ವೇಳ’ ಎರಡೂ ಅರ್ಥಕ್ಕೆ ನಿಲ್ಲುತ್ತದೆ. ಅಂಕೋಲೆಯ ಬೇಲೇಕೇರಿ ಬಂದರಿನ ಹೆಸರಿನಲ್ಲೂ ಈ ಬೇಲೆ ಕೇಳಿಸುತ್ತದೆ. ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ನೀರು ಏರಿ ಇಳಿಯುವ ಜಾಗದಲ್ಲಿ ಬದುಕುವವರಿಗೆ ದಡ ಮತ್ತು ಹೊತ್ತು ಬೇರೆಯಾಗಿ ಕಾಣದಿದ್ದುದು ಸಹಜವೇ. ಯಾವ ಹೊತ್ತಿಗೆ ದೋಣಿ ಇಳಿಸಬೇಕು, ಎಲ್ಲಿಯವರೆಗೆ ಮೀನು ಹರಡಬಹುದು ಎಂಬುದೆರಡನ್ನೂ ನೀರೇ ಹೇಳುತ್ತದೆ.

1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ತನ್ನ ಅಳತೆಯನ್ನು ಶುರುಮಾಡಿದ್ದೂ ಉಬ್ಬರದ ನೀರು ಮುಟ್ಟುವ ಗೆರೆಯಿಂದಲೇ. ‘ಎಲ್ಲೆ’ ಎಂಬ ವೇಲೆಯ ಅರ್ಥ ಹೀಗೆ ಕಾನೂನಿಗೂ ಬೇಕಾಯಿತು.

2020ರ ಅಕ್ಟೋಬರಿನಲ್ಲಿ ಭಾರತದ ಎಂಟು ಬೀಚುಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಒಟ್ಟಿಗೆ ದೊರೆತಾಗ ಕರ್ನಾಟಕದಿಂದ ಪಡುಬಿದ್ರಿಯ ಜೊತೆ ಕಾಸರಕೋಡವೂ ಇತ್ತು. ಡೆನ್ಮಾರ್ಕಿನ ಸಂಸ್ಥೆ ಕೊಡುವ ಈ ಮಾನ್ಯತೆಗೆ ನೀರಿನ ಶುದ್ಧಿ, ಸುರಕ್ಷತೆ ಮೊದಲಾದ 33 ಮಾನದಂಡಗಳಿವೆ. ಊರಿಗೆ ಹೆಸರು ಬಂದದ್ದು ನನಗೆ ಸಂತೋಷವೇ. ಆದರೆ ‘ಬೀಚ್’ ಎಂಬ ಪದ ಬೇಲೆಯನ್ನು ನುಂಗಿಬಿಡಬಾರದು ಎಂಬ ಆತಂಕವೂ ಇದೆ. ಬೀಚು ಎಂದೊಡನೆ ಕಣ್ಣಿಗೆ ಬರುವುದು ಖಾಲಿಯಾದ, ಚೊಕ್ಕಟವಾದ ಮರಳು. ಬೇಲೆ ಖಾಲಿ ಇರುವುದಲ್ಲ. ಟೊಂಕದಲ್ಲಿ ಖಾಸಗಿ ವಾಣಿಜ್ಯ ಬಂದರು ಬೇಡವೆಂದು ಮೀನುಗಾರರು ವರ್ಷಗಟ್ಟಲೆ ಹೋರಾಡುತ್ತಿರುವಾಗ ಅವರು ಹೇಳುತ್ತಿರುವುದರಲ್ಲಿ ಇದೂ ಸೇರಿದೆ: ಇದು ಬರಿಯ ಮರಳಲ್ಲ, ನಾವು ದುಡಿಯುವ ನೆಲ.

ಆ ನೆಲವನ್ನು ಗುರುತು ಹಿಡಿದು ಬರುವ ಇನ್ನೊಂದು ಜೀವವಿದೆ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಆಮೆ ಟೊಂಕದ ಹೊಯ್ಗೆಗೆ ಹತ್ತಿ ಬರುತ್ತದೆ. ಉಬ್ಬರದ ನೀರು ಮುಟ್ಟುವ ಗೆರೆಯನ್ನು ದಾಟಿ ಮೇಲೆ ಹೋಗಿ, ಹಿಂಗಾಲಿನಿಂದ ಕುಳಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮರಳು ಮುಚ್ಚಿ ನೀರಿಗೆ ಮರಳುತ್ತದೆ. ಗೂಡಿನ ಸುತ್ತ ಬೇಲಿ ಕಟ್ಟಿ ಕಾಯುತ್ತಾರೆ. ಒಂದೂವರೆ ಎರಡು ತಿಂಗಳಿಗೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಮರಿಗಳು ಹೊಯ್ಗೆ ಸೀಳಿಕೊಂಡು ಮೇಲೆ ಬಂದು, ಒಣಹಾಕಿದ ಬಲೆಗಳನ್ನೂ ಎಳೆದಿಟ್ಟ ದೋಣಿಗಳನ್ನೂ ಬಳಸಿ, ಇಳಿಜಾರಿನ ಕೆಳಗೆ ಕಾಣುವ ನೀರಿನ ಕಡೆ ಹೊರಡುತ್ತವೆ.